ಹಳದಿ ಗೆರೆಯ ಬೆಲ್ಟು

“ಎಲ್ಲರೂ ಸೀಟ್ ಬೆಲ್ಟ್ ಹಾಕ್ಕೊಳ್ರೋ! ಹೊಚ್ಚ ಹೊಸದು!” ಸ್ಕೂಲ್ ವ್ಯಾನಿನ ಡ್ರೈವರ್ ಅಂಕಲ್ ಕೂಗಿದರು.

ಗುಬ್ಬಿ ತನ್ನ ಬೆಲ್ಟ್ ಹಾಕಿಕೊಂಡು, ಪಕ್ಕದಲ್ಲಿದ್ದ ಗುಂಡಮ್ಮನಿಗೂ ಹಾಕಿದಳು. ಗುಂಡಮ್ಮ ಎದುರುಮನೆಯ ಪುಟಾಣಿ, ಒಂದನೇ ಕ್ಲಾಸು.

ಬೆಲ್ಟಿನ ಅಂಚಿನಲ್ಲಿ ಹಳದಿ ಗೆರೆ ಕಂಡು ಗುಬ್ಬಿಗೆ ಖುಷಿಯೋ ಖುಷಿ. ಅಪ್ಪನ ಫ್ಯಾಕ್ಟರಿಯಲ್ಲಿ ಇಂಥ ಪಟ್ಟಿಗಳನ್ನೇ ನೇಯುತ್ತಾರೆ. ಪ್ರತಿ ಸುರುಳಿಯ ಒಂದು ತುಂಡನ್ನು ಮೆಷಿನ್ನಿಗೆ ಸಿಕ್ಕಿಸಿ, ಹರಿಯುವ ತನಕ ಎಳೆದು ನೋಡುವುದೇ ಅಪ್ಪನ ಕೆಲಸ. ಒಂದು ಸುರುಳಿಯ ಅಂಚಿಗೆ ಅಪ್ಪ ಇಂಥದೇ ಹಳದಿ ಗೆರೆ ಬಳಿಯುವುದನ್ನು ಅವಳು ಒಮ್ಮೆ ನೋಡಿದ್ದಳು.

ರಾತ್ರಿ ಅಪ್ಪ ಊಟಕ್ಕೆ ಕೂತಾಗ ಹೇಳಿದಳು, “ಅಪ್ಪಾ, ನಮ್ಮ ವ್ಯಾನಿಗೆ ನಿಮ್ಮ ಫ್ಯಾಕ್ಟರಿ ಬೆಲ್ಟು ಬಂದಿದೆ! ಹಳದಿ ಗೆರೆ ಇದೆ!”

ತುತ್ತು ಹಿಡಿದ ಅಪ್ಪನ ಕೈ ನಿಂತುಬಿಟ್ಟಿತು.

“ಸರಿಯಾಗಿ ನೋಡಿದ್ಯಾ?”

“ಹೂಂ. ಎಲ್ಲಾ ಸೀಟಲ್ಲೂ.”

“ಯಾರಿಗೂ ಹೇಳ್ಬೇಡ.”

ಮರುದಿನ ಅಪ್ಪ ಸೈಕಲ್ ಹೊರತೆಗೆದ. “ಇನ್ಮೇಲೆ ನಾನೇ ಸ್ಕೂಲಿಗೆ ಬಿಡ್ತೀನಿ.”

ದಾರಿಯಲ್ಲಿ ವ್ಯಾನು ಅವರನ್ನು ದಾಟಿ ಹೋಯಿತು. ಗುಂಡಮ್ಮ ಕಿಟಕಿಯಿಂದ ನಾಲಿಗೆ ಚಾಚಿ ಅಣಕಿಸಿದಳು.

“ಅಪ್ಪಾ, ಹಳದಿ ಗೆರೆ ಅಂದ್ರೆ ಏನು?”

ಅಪ್ಪ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. “ಎಳೆದು ನೋಡಿದ ತುಂಡು ಬೇಗ ಹರಿದ್ರೆ, ಆ ಸುರುಳಿಗೆಲ್ಲಾ ಹಾಕೋ ಗುರುತು. ಅಂಥ ಮಾಲು ತುಂಡು ಮಾಡಿ ಬಿಸಾಕ್ಬೇಕು. ಯಜಮಾನ್ರು ಮಾರ್ಬಿಟ್ಟಿದಾರೆ.”

“ಹಾಗಾದ್ರೆ ಗುಂಡಮ್ಮ?”

“ಬಾಯಿ ಬಿಟ್ರೆ ಕೆಲಸ ಹೋಗುತ್ತೆ ಕಣಮ್ಮಾ. ಆಮೇಲೆ ನಮ್ಮ ಗತಿ?”

“ವ್ಯಾನಿಂದ ನನ್ನ ಮಾತ್ರ ಇಳಿಸ್ಕೊಂಡ್ಯಲ್ಲಪ್ಪಾ!”

ಅಪ್ಪ ಪೆಡಲನ್ನು ಜೋರಾಗಿ ತುಳಿದ. ದಿನವಿಡೀ ಗುಬ್ಬಿ ಸಿಟ್ಟಿನಲ್ಲಿ ಅಪ್ಪನನ್ನು ಬೈಯುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಸಂಜೆ ಬೆಲ್ ಹೊಡೆದದ್ದೇ ತಡ, ಅವಳು ವ್ಯಾನಿನತ್ತ ಓಡಿದಳು. “ಅಂಕಲ್, ಈ ಬೆಲ್ಟು ಸರಿಯಿಲ್ಲ. ಹರಿದುಹೋಗುತ್ತೆ!”

“ಆನೆ ಕಟ್ಟಿದ್ರೂ ಹರಿಯಲ್ಲ ಕಣೇ!” ಅಂಕಲ್ ಬೆಲ್ಟನ್ನು ಜಗ್ಗಿ ತೋರಿಸಿ ನಕ್ಕರು. ತಟ್ಟನೆ ನಗು ನಿಲ್ಲಿಸಿ ಕೇಳಿದರು, “ನಿಮ್ಮಪ್ಪ ಬೆಲ್ಟ್ ಫ್ಯಾಕ್ಟರಿಲಿ ತಾನೆ ಇರೋದು? ಅವರು ಹೇಳಿದ್ರಾ?”

ಗುಬ್ಬಿ ವ್ಯಾನು ಹತ್ತುತ್ತಿದ್ದ ಗುಂಡಮ್ಮನತ್ತ ನೋಡಿದಳು. ಹೂಂ ಎಂದರೆ ಸಾಕು, ಅಂಕಲ್ ನಂಬುತ್ತಾರೆ. ಹೂಂ ಎಂದರೆ ಸಾಕು, ಅಪ್ಪನ ಕೆಲಸವೂ ಹೋಗುತ್ತದೆ.

“ಇಲ್ಲ,” ಎಂದಳು.

“ಮತ್ತೆ? ಸುಮ್ನೆ ಚಿಕ್ಕ ಮಕ್ಕಳನ್ನ ಹೆದರಿಸ್ಬೇಡ, ಹೋಗು.”

ಗುಂಡಮ್ಮನನ್ನು ಕೂರಿಸಿಕೊಂಡು ವ್ಯಾನು ಹೊರಟಿತು.

ಅಪ್ಪ ಬಂದಾಗ ಗುಬ್ಬಿ ತೆಪ್ಪಗೆ ಸೈಕಲ್ ಹತ್ತಿದಳು. ಅವನನ್ನು ಬೈಯಲೆಂದು ಬೆಳಗಿನಿಂದ ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ಹೊರಬರಲಿಲ್ಲ.

“ಯಾರಿಗೂ ಹೇಳಿಲ್ಲ ತಾನೆ?” ಅಪ್ಪ ಮೆಲ್ಲಗೆ ಕೇಳಿದ.

“ಇಲ್ಲ,” ಎಂದಳು ಗುಬ್ಬಿ.

ಈ ಸಲ ಆ ಮಾತು ಮೊದಲಿಗಿಂತ ಸಲೀಸಾಗಿ ಬಂತು.