ಹುಲ್ಲುಗಾವಲಿನ ಕಬ್ಬಿಣದ ಕಂಬಗಳು

ಸೆಪ್ಟೆಂಬರ್ ಹನ್ನೆರಡರ ಬೆಳಿಗ್ಗೆ ಹನ್ನೊಂದೂವರೆಗೆ ದೂರು ಠಾಣೆಗೆ ಬಂತು. ತಂದವನು ನಿದ್ದೆಗೆಟ್ಟ ಕಣ್ಣಿನ ಯುವಕ. ಹಿಂದಿನ ದಿನ ಮಧ್ಯಾಹ್ನ, ವಿಮಾನ ಹಾರಿಸಲು ಕಲಿಯುತ್ತಿದ್ದ ಅವನ ತಂಗಿ ಒಬ್ಬಳೇ ಅಭ್ಯಾಸಕ್ಕೆ ಹೋಗಿದ್ದಳು. ಎಂಜಿನ್ ನಿಂತು, ಹುಲ್ಲುಗಾವಲೊಂದರಲ್ಲಿ ಇಳಿಯಲು ಹೋದಾಗ ವಿಮಾನ ಮಗುಚಿತ್ತು. ಅವಳಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

“ಎಂಜಿನ್ ಇಲ್ದೆ ಇಳಿಯೋದನ್ನ ಕಲಿಸ್ತಾರಂತೆ ಸಾರ್. ತಲೆ ನೆಟ್ಟಗಿರೋರು ಮಾಡೋ ಕೆಲಸಾನಾ ಅದು? ಮೊದಲು ಆ ಮೇಷ್ಟ್ರನ್ನ ಒಳಗೆ ಹಾಕಿ.”

ಇನ್ಸ್‌ಪೆಕ್ಟರ್ ತರಬೇತುದಾರನ ಮೇಲೆ ನಿರ್ಲಕ್ಷ್ಯದ ಎಫ್‌ಐಆರ್ ದಾಖಲಿಸಿದರು. ಬಂಧನವನ್ನು ಮಾತ್ರ ತಡೆದರು. ಅವರು ಭೌತಶಾಸ್ತ್ರ ಓದಿ ಇಲಾಖೆಗೆ ಬಂದವರು. ಕಾರಣ ಪೂರ್ತಿ ತಿಳಿಯದ ಘಟನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅವರನ್ನು ಕಾಡುತ್ತಿತ್ತು. ಎಂಜಿನ್ ನಿಂತಿತು, ಸರಿ. ಆದರೆ ಅಷ್ಟು ಸಮತಟ್ಟಾದ ಜಾಗದಲ್ಲಿ ವಿಮಾನ ಮಗುಚಿದ್ದೇಕೆ?

ಉತ್ತರ ವಿಮಾನ ಬಿದ್ದ ಜಾಗದ ಪಂಚನಾಮೆಯ ಹೊತ್ತಿಗೇ ಕಾಲಿಗೆ ತೊಡರಿತು. ಇಡೀ ಠಾಣೆ ‘ಮಾವ’ ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್ ಹುಲ್ಲಿನಲ್ಲಿ ಮುಗ್ಗರಿಸಿ, ಮೊಣಕಾಲು ಹಿಡಿದು ಕೂತರು.

“ಯಾವನೋ ಪುಣ್ಯಾತ್ಮ ಗೂಟ ನೆಟ್ಟವ್ನೆ ಸಾರ್!”

ಸೊಂಟದೆತ್ತರದ ಹುಲ್ಲಿನೊಳಗೆ ಸೊಂಟದೆತ್ತರದ ಕಬ್ಬಿಣದ ಕಂಬಗಳು. ಹಳೆಯ ಬೇಲಿಯವು, ಆದರೆ ಬುಡದ ಮಣ್ಣು ಈ ಮಳೆಗಾಲದಲ್ಲೇ ಅಗೆದದ್ದು. ಬಾಗಿದ ಒಂದು ಕಂಬದ ಮೇಲೆ ವಿಮಾನದ ಬಿಳಿ ಬಣ್ಣ ಮೆತ್ತಿತ್ತು. ಪ್ರತಿ ಕಂಬದ ತುದಿಯಲ್ಲೂ ಬಿಸಿಲಿಗೆ ಮಾಸಿದ ಕೆಂಪು ಬಟ್ಟೆಯ ಚೂರು. ಅದರ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಲಾಗಿತ್ತು.

ಬೀಳಿಸಬೇಕೆಂದಿದ್ದವರು ಕೆಂಪು ಬಟ್ಟೆ ಏಕೆ ಕಟ್ಟುತ್ತಾರೆ? ಇನ್ಸ್‌ಪೆಕ್ಟರ್ ಒಂದು ಚೂರನ್ನು ಲಕೋಟೆಗೆ ಹಾಕಿಕೊಂಡರು.

ತರಬೇತುದಾರ ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಲ್ಲಿ ಕೂತಿದ್ದ. ಎರಡು ದಿನದ ಗಡ್ಡ.

“ಅಭ್ಯಾಸಕ್ಕೆ ಎಂಜಿನ್ ಪೂರ್ತಿ ಆಫ್ ಮಾಡ್ತೀರಾ?” ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ಲ ಸಾರ್. ಪವರ್ ತೆಗೀತೀವಿ ಅಷ್ಟೆ, ಅದು ಮೆಲ್ಲಗೆ ತಿರುಗ್ತಾನೇ ಇರುತ್ತೆ. ನಡುನಡುವೆ ಒಂದಿಷ್ಟು ಪವರ್ ಕೊಟ್ಟು ಬಿಸಿ ಇಡಬೇಕು, ಇಲ್ಲಾಂದ್ರೆ ಕಾರ್ಬ್ಯುರೇಟರಲ್ಲಿ ಮಂಜುಗಡ್ಡೆ ಕಟ್ಟಿ ನಿಜವಾಗ್ಲೂ ನಿಂತು ಹೋಗುತ್ತೆ. ಅವಳು ಮರೆತಳೇನೋ.”

“ರನ್‌ವೇ ಪಕ್ಕದಲ್ಲೇ ಇತ್ತಲ್ಲ, ಅಲ್ಲಿಗೇಕೆ ಹೋಗಲಿಲ್ಲ?”

ಅವನು ತಲೆ ತಗ್ಗಿಸಿದ. “ನಾವು ದಿನಾ ಅಭ್ಯಾಸ ಮಾಡೋದು ಆ ಹುಲ್ಲುಗಾವಲಿನ ಮೇಲೇನೇ. ಕೈ ತಾನಾಗೇ ಆ ಕಡೆ ತಿರುಗಿರುತ್ತೆ.”

“ನೀವು ಅಲ್ಲಿ ಯಾವತ್ತಾದ್ರೂ ಇಳಿದಿದ್ದೀರಾ?”

“ಇಲ್ಲ ಸಾರ್. ಐನೂರು ಅಡಿಗೆ ಬರ್ತಿದ್ದ ಹಾಗೆ ಪವರ್ ಕೊಟ್ಟು ಮೇಲೇರ್ತೀವಿ.”

“ನಡೆದು ಹೋಗಿದ್ದು?”

“ಅದೂ ಇಲ್ಲ.”

ಇನ್ಸ್‌ಪೆಕ್ಟರ್ ಎದ್ದು ಅತ್ತಿತ್ತ ನಡೆದರು. ಆಮೇಲೆ, “ನನ್ನನ್ನ ಒಂದ್ಸಲ ಮೇಲೆ ಕರ್ಕೊಂಡು ಹೋಗಿ. ಅದನ್ನೇ ಮಾಡಿ ತೋರಿಸಿ,” ಎಂದರು.

ಮಾವ ಅವರನ್ನು ಪಕ್ಕಕ್ಕೆ ಎಳೆದರು. “ಸಾರ್, ಆರೋಪಿಯನ್ನ ನಾವು ಜೀಪಲ್ಲಿ ಕೂರಿಸಿಕೊಂಡು ಹೋಗೋದು ಕೇಳಿದ್ದೀನಿ. ಆರೋಪಿ ನಮ್ಮನ್ನ ಆಕಾಶಕ್ಕೆ ಕರ್ಕೊಂಡು ಹೋಗೋದು ಎಲ್ಲೂ ಕೇಳಿಲ್ಲ. ಮನೇಲಿ ಮೇಡಂಗೆ ನಾನೇನು ಹೇಳ್ಲಿ?”

“ವಿಚಾರಣೆ ಎತ್ತರದ ಮಟ್ಟದಲ್ಲಿ ನಡೀತಿದೆ ಅಂತ ಹೇಳಿ.”

ಮೂರು ಸಾವಿರ ಅಡಿಯಲ್ಲಿ ತರಬೇತುದಾರ ಪವರ್ ತೆಗೆದ. ಅಷ್ಟು ಹೊತ್ತು ಎದೆಯೊಳಗೇ ಮೊಳಗುತ್ತಿದ್ದ ಸದ್ದು ಒಮ್ಮೆಲೇ ಕುಸಿಯಿತು. ರೆಕ್ಕೆಯ ಅಂಚಿನಲ್ಲಿ ಗಾಳಿಯ ಸಿಳ್ಳೆ ಮಾತ್ರ ಉಳಿಯಿತು. ಜಾರುವ ವಿಮಾನ ಬೀಳುವುದಿಲ್ಲ ಎಂಬುದು ಇನ್ಸ್‌ಪೆಕ್ಟರರ ಬುದ್ಧಿಗೆ ಗೊತ್ತಿತ್ತು. ಆದರೂ ಅವರು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದು ಕೆಳಗೆ ನೋಡಿದರು. ಹುಲ್ಲುಗಾವಲು ಹಸಿರು ಚಾಪೆಯಂತೆ ಹಾಸಿತ್ತು. ಕಂಬಗಳಿವೆ ಎಂದು ಗೊತ್ತಿದ್ದೂ ಅವರಿಗೆ ಒಂದೂ ಕಾಣಲಿಲ್ಲ.

ಕಂಡದ್ದು ಬೇರೆಯೇ. ಹುಲ್ಲುಗಾವಲಿನ ಅಂಚಿನ ಹೆಂಚಿನ ಮನೆಯಿಂದ ಒಬ್ಬ ಹೆಂಗಸು ಓಡಿ ಅಂಗಳಕ್ಕೆ ಬಂದಳು. ಎರಡೂ ಕೈ ತಲೆಯ ಮೇಲಿಟ್ಟು ಮೇಲೆ ನೋಡುತ್ತ ನಿಂತಳು. ಎಂಜಿನ್ ಮತ್ತೆ ಮೊರೆದು ವಿಮಾನ ಮೇಲೇರಿದಾಗ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಆ ಮನೆ ಯಾರದು?”

“ಗೊತ್ತಿಲ್ಲ ಸಾರ್. ಯಾರೋ ಟೈಲರಮ್ಮ.”

ಅದೇ ಸಂಜೆ ಇನ್ಸ್‌ಪೆಕ್ಟರ್, ಮಾವ ಮತ್ತು ಮಹಿಳಾ ಕಾನ್‌ಸ್ಟೆಬಲ್ ಆ ಮನೆಗೆ ಹೋದರು. ಹೊಲಿಗೆ ಯಂತ್ರ, ಅರ್ಧ ಹೊಲಿದ ಶಾಲಾ ಸಮವಸ್ತ್ರಗಳು, ಗೋಡೆ ಬದಿಗೆ ಬರಿ ಹಾಸಿಗೆಯ ಕಬ್ಬಿಣದ ಮಂಚ. ಅದರ ಪಕ್ಕದಲ್ಲಿ ಧೂಳಿಲ್ಲದಂತೆ ಒರೆಸಿಟ್ಟ ಆಮ್ಲಜನಕದ ಯಂತ್ರ. ಮೇಜಿನ ಮೇಲೆ, ನೂಲು ಬಿಡದ ಹಾಗೆ ಬಟ್ಟೆಯನ್ನು ಹಲ್ಲು ಹಲ್ಲಾಗಿ ಕತ್ತರಿಸುವ ಕತ್ತರಿ. ಇನ್ಸ್‌ಪೆಕ್ಟರ್ ಲಕೋಟೆಯ ಚೂರನ್ನು ಅದರ ಪಕ್ಕದಲ್ಲಿಟ್ಟರು.

ಅವಳು ಅಲ್ಲಗಳೆಯಲಿಲ್ಲ.

“ಕಂಬ ಯಾರು ನೆಟ್ಟಿದ್ದು?”

“ನಾನೇ. ಮೊದಲ ಮಳೆ ಬಂದು ನೆಲ ಮೆತ್ತಗಿದ್ದಾಗ.”

“ಏಕೆ?”

“ಕಂಬ ನೋಡಿದ್ರೆ ಸದ್ದು ನಿಲ್ಸೋ ಆ ವಿಮಾನಗಳು ಈ ಕಡೆ ಬರಲ್ಲ ಅಂದ್ಕೊಂಡೆ. ಕಾಣ್ಲಿ ಅಂತಾನೇ ಕೆಂಪು ಬಟ್ಟೆ ಕಟ್ಟಿದ್ದು. ಹುಲ್ಲು ಇಷ್ಟು ಬೇಗ ಬೆಳೆಯುತ್ತೆ ಅಂತ ಗೊತ್ತಿರ್ಲಿಲ್ಲ.”

“ವಿಮಾನ ಕಲಿಸೋ ಶಾಲೆಯವರಿಗೆ ಹೇಳಬಹುದಿತ್ತಲ್ಲ?”

“ಎರಡು ಸಲ ಹೋಗಿದ್ದೆ. ಗೇಟಿನವನು ನಕ್ಕ. ‘ಎಂಜಿನ್ ನಿಂತಿಲ್ಲ ಅಕ್ಕ, ಸದ್ದು ಕಮ್ಮಿ ಮಾಡಿದ್ದಷ್ಟೆ, ಹೋಗಿ ಬಟ್ಟೆ ಹೊಲಿ’ ಅಂದ.” ಅವಳ ಬೆರಳು ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇತ್ತು. “ನಮ್ಮೆಜಮಾನ್ರು ಆ ಯಂತ್ರದ ಮೇಲೇ ಇದ್ರು ಸಾರ್. ಹಗಲು ರಾತ್ರಿ ಗುಂಯ್ ಅಂತಿತ್ತು. ಒಂದು ಮಧ್ಯಾಹ್ನ ಯಾಕೋ ಕಣ್ಣು ಹತ್ತಿಬಿಡ್ತು. ಸದ್ದು ನಿಂತಿದ್ದಕ್ಕೇ ನನಗೆ ಎಚ್ಚರ ಆಯ್ತು. ಕರೆಂಟ್ ಹೋಗಿತ್ತು. ಅವರೂ ಹೋಗಿದ್ರು.”

ಹೊರಗೆ ಯಾವ ವಿಮಾನವೂ ಹಾರುತ್ತಿರಲಿಲ್ಲ. ಆದರೂ ಅವಳು ಆಗಾಗ ಕಿವಿ ನಿಮಿರಿಸಿ ಚಾವಣಿ ನೋಡುತ್ತಿದ್ದಳು.

ಸಂಜೆ ಆರೂಕಾಲಿಗೆ ಅವಳ ಬಂಧನವಾಯಿತು. ತರಬೇತುದಾರನ ಹೆಸರು ಎಫ್‌ಐಆರ್‌ನಲ್ಲೇ ಉಳಿಯಿತು. ಆ ಹುಲ್ಲುಗಾವಲಿನಲ್ಲಿ ಒಮ್ಮೆಯೂ ಕಾಲಿಡದ್ದಕ್ಕೆ ಅವನು ಕೋರ್ಟಿನಲ್ಲಿ ಉತ್ತರ ಕೊಡಬೇಕಿತ್ತು.

ಜೀಪು ಹತ್ತುವ ಮೊದಲು ಅವಳು ನಿಂತಳು.

“ಆ ಹುಡುಗೀಗೆ ಯಂತ್ರ ಹಾಕಿದ್ದಾರಾ ಸಾರ್?”

“ಹಾಕಿದ್ದಾರೆ.”

“ಪಕ್ಕದಲ್ಲಿ ಯಾರಿದ್ದಾರೆ?”

“ಅವಳ ಅಣ್ಣ.”

“ಅವನಿಗೆ ಹೇಳಿ,” ಎಂದಳು, “ನಿದ್ದೆ ಮಾಡಬೇಡ ಅಂತ.”

ಇನ್ಸ್‌ಪೆಕ್ಟರ್ ಫೋನು ತೆಗೆದು ಆಸ್ಪತ್ರೆಯ ನಂಬರ್ ಒತ್ತಿದರು. ಮಾತು ಕೇಳಿಸಲೆಂದು ಡ್ರೈವರ್ ಗುಡುಗುಡಿಸುತ್ತಿದ್ದ ಜೀಪನ್ನು ಆಫ್ ಮಾಡಲು ಕೈ ಹಾಕಿದ. ಇನ್ಸ್‌ಪೆಕ್ಟರ್ ಅವಳ ಕಡೆ ನೋಡಿ, ಬೇಡವೆಂದು ಸನ್ನೆ ಮಾಡಿದರು.