ಹದಿನಾಲ್ಕನೇ ಫೈಲು

"ಅಮ್ಮನ ಕಾಗದ ಸುಟ್ಟ ಕೈಯಲ್ಲೇ ಅಮ್ಮನ ಕಾಗದ ಒಪ್ಪಿಸೋಕೆ ಬಂದಿದ್ದೀರಲ್ಲ ಅತ್ತಿಗೆ, ಭಂಡಧೈರ್ಯ ಅಂದ್ರೆ ನಿಮ್ಮದು."

ದಾಖಲೆ ಸಂಗ್ರಹಾಲಯದಲ್ಲಿ, ಪರರ ಎದುರಿಗೇ ನಾದಿನಿ ಹೀಗಂದಾಗ ಸೊಸೆ ತಲೆ ತಗ್ಗಿಸಿದಳು. ಅತ್ತೆಯ ಬೆನ್ನ ಹಿಂದೆ ಇಪ್ಪತ್ತೆರಡು ವರ್ಷ ಕೇಳಿದ ಮಾತೇ, ಆದರೂ ಗಾಯದ ಮೇಲೆ ಬರೆ ಎಳೆದಂತಾಯಿತು. ಅತ್ತೆ ಹೆಂಗಸರ ಹಕ್ಕಿಗಾಗಿ ಬರೆದು, ಬೀದಿಗಿಳಿದು, ಜೈಲು ಕಂಡವರು. ಅವರು ಒಳಗಿದ್ದಾಗ ಒಂದು ಬೆಳಿಗ್ಗೆ ಪೊಲೀಸರು ಬಾಗಿಲು ಬಡಿದರು. ಮನೆಯಲ್ಲಿದ್ದವಳು ಸೊಸೆಯೊಬ್ಬಳೇ. ಅತ್ತೆಗೆ ಬಂದಿದ್ದ ಒಂದು ಕಟ್ಟು ಪತ್ರಗಳನ್ನು ಫೈಲಿನಿಂದ ಕಿತ್ತು ಒಲೆಗೆ ತುರುಕಿದ ಮೇಲೆಯೇ ಅವಳು ಚಿಲಕ ತೆಗೆದದ್ದು. ಬಿಡುಗಡೆಯಾಗಿ ಬಂದ ಅತ್ತೆ ವಿಷಯ ಕೇಳಿ ಸುಮ್ಮನಾದರು; ಸಾಯುವವರೆಗೂ ಆ ಮಾತೆತ್ತಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು… ಕ್ಷಮಿಸಿದರೋ ಇಲ್ಲವೋ, ಆ ದೇವರೇ ಬಲ್ಲ!

ಸಂಗ್ರಹಾಲಯದ ಮೇಡಂ ಒಂದೊಂದೇ ಫೈಲು ಬಿಚ್ಚಿ ಪಟ್ಟಿ ಮಾಡುತ್ತಿದ್ದರು. ಹದಿನಾಲ್ಕನೆಯದಕ್ಕೆ ಕೈ ನಿಂತಿತು.

"ಇದು ಖಾಲಿ. ಖಾಲಿ ಫೈಲು ನಾವು ಇಟ್ಕೊಳ್ಳಲ್ಲ. ಎಸೆದುಬಿಡ್ಲಾ?"

"ಎಸೀರಿ," ನಾದಿನಿ ಮೂಗು ಮುರಿದಳು. "ಒಳಗಿದ್ದದ್ದೇ ಬೂದಿಯಾಗಿದೆ, ಹೊದಿಕೆ ಯಾಕೆ?"

"ತಾಳಿ, ಒಳಮಡಿಕೆಯಲ್ಲಿ ಏನೋ ಬರೆದಿದ್ದಾರೆ." ಮೇಡಂ ಓದಿದರು.

'ಇದರಲ್ಲಿ ಹನ್ನೊಂದು ಹೆಂಗಸರ ಪತ್ರಗಳಿದ್ದವು, ಹೆಸರು ವಿಳಾಸ ಸಮೇತ. ಸುಡುವ ಬುದ್ಧಿ ನನಗೆ ಬರಲಿಲ್ಲ, ನನ್ನ ಸೊಸೆಗೆ ಬಂತು. ಹನ್ನೊಂದು ಜನರೂ ಜೈಲಿಗೆ ಹೋಗದೆ ಉಳಿದರು. ಇದನ್ನು ಅವಳಿಗೆ ಹೇಳಬೇಕೆಂದು ದಿನವೂ ಅಂದುಕೊಂಡೆ. ಬಿಗುಮಾನ ಬಿಡಲಿಲ್ಲ. ಈ ಫೈಲನ್ನು ಎಸೆಯಬೇಡಿ.'

ಹಟಮಾರಿ ಮುದುಕಿ! ಲೋಕಕ್ಕೆಲ್ಲ ಗಂಟಲು ಹರಿಯುವಂತೆ ಹೇಳಿದವರಿಗೆ ಅಡುಗೆಮನೆವರೆಗೆ ನಡೆದು ಒಂದು ಮಾತು ಹೇಳಲಾಗಲಿಲ್ಲ. ಸೊಸೆಯ ಎದೆಯ ಮೇಲಿನ ಭಾರ ಇಳಿದೇ ಹೋಯಿತು… ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಹಗುರಾಗಿ ಅವಳು ಎಂದೂ ಅತ್ತಿರಲಿಲ್ಲ.

ನಾದಿನಿಯ ಮುಖ ಬಾಡಿತು. "ನಾನು ಇಷ್ಟೆಲ್ಲ ಅಂದೆ. ಪತ್ರ ಯಾರದ್ದು ಅಂತ ಒಂದು ಮಾತು ನಂಗೆ ಹೇಳಬಾರದಿತ್ತಾ ಅತ್ತಿಗೆ?"

"ಹೇಳೋದಾಗಿದ್ರೆ ಸುಟ್ಟು ಏನು ಬಂತು?"

ನಾದಿನಿ ಕುರ್ಚಿ ಎಳೆದುಕೊಂಡು ಅತ್ತಿಗೆಯ ಮಗ್ಗುಲಿಗೆ ಕೂತಳು, ಕೈ ಹಿಡಿದುಕೊಂಡಳು.

"ಪಟ್ಟಿಯಲ್ಲಿ ಏನಂತ ಬರ್ಕೊಳ್ಳಲಿ?" ಮೇಡಂ ಕೇಳಿದರು.

"ಖಾಲಿ ಅಂತ ಮಾತ್ರ ಬರೀಬೇಡಿ," ನಾದಿನಿ ಅಂದಳು. "ನಮ್ಮ ಅತ್ತಿಗೆ ಹೆಸರು ಬರೀರಿ."

ಸೊಸೆ ಕಣ್ಣೊರೆಸಿಕೊಂಡು ತನ್ನ ಹೆಸರು ಹೇಳಿದಳು.