ಸತ್ತವರ ಪ್ರವಾಸಪಟ್ಟಿ

"ಸಾರ್, ನನ್ನ ಯಜಮಾನರು ನನಗಿಂತ ಮುಂಚೆ ಅಲ್ಲಿಗೆ ಹೋಗಿದ್ದಾರೆ."

ಆಕೆ ಬಾಗಿಲಲ್ಲೇ ನಿಂತು ಹೀಗೆಂದಾಗ ನನ್ನ ಮೈ ಜುಮ್ಮೆಂದಿತು. ಆಕೆಯ ಯಜಮಾನರು, ಡಾಕ್ಟರು, ತೀರಿಕೊಂಡು ಮೂರು ವರ್ಷವಾಗಿತ್ತು.

ನಾನು ಈ ವಸತಿಗೃಹದ ಮ್ಯಾನೇಜರ್. ಮಹಡಿಯ ಕೊನೆಯ ಕೋಣೆಯಲ್ಲಿ ಕಾಯಂ ಆಗಿ ವಾಸವಿದ್ದ ನಿವೃತ್ತ ಭೂಗೋಳದ ಮೇಷ್ಟ್ರ ಬಳಿಗೆ ಆಕೆಯನ್ನು ಕರೆದೊಯ್ದವನೂ ನಾನೇ. ಪೊಲೀಸರು ಕೈಚೆಲ್ಲಿದ ಎಷ್ಟೋ ಗಂಟುಗಳನ್ನು ಮೇಷ್ಟ್ರು ಆ ಕೋಣೆಯಲ್ಲೇ ಕೂತು ಬಿಡಿಸಿದ್ದರು.

"ಕೂತ್ಕೊಳಿ ತಾಯಿ. ಮೊದಲಿಂದ ಹೇಳಿ," ಎಂದರು ಮೇಷ್ಟ್ರು.

ಡಾಕ್ಟರು ಒಬ್ಬರೇ ಈ ಊರಿಗೆ ಬಂದು, ನಮ್ಮಲ್ಲೇ ಇಳಿದು, ಮೂರನೆಯ ಸಂಜೆ ಕೋಟೆಯ ಗೋಪುರದಿಂದ ಬಿದ್ದಿದ್ದರು. ಆಕಸ್ಮಿಕವೆಂದು ಫೈಲು ಮುಚ್ಚಿತ್ತು. ಹೋದ ತಿಂಗಳು ಮೈದುನ, ಅಣ್ಣನ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು, ಒಂದು ಪಟ್ಟಿ ತಂದುಕೊಟ್ಟಿದ್ದ: ಇಲ್ಲಿ ನೋಡಬೇಕಾದ ಆರು ಜಾಗಗಳು, ಡಾಕ್ಟರ ಕೈಬರಹದಲ್ಲಿ. ಅವನ್ನೆಲ್ಲ ತಾನು ನೋಡಿ ಮುಗಿಸಬೇಕೆಂದು ಆಕೆ ಹೊರಟಿದ್ದರು. ಮೈದುನನೂ ಜೊತೆಗೆ ಬಂದಿದ್ದ.

"ಇವತ್ತು ವಸ್ತುಸಂಗ್ರಹಾಲಯದ ಭೇಟಿ ಪುಸ್ತಕದಲ್ಲಿ ಅವರ ಸಹಿ! ಶಾಯಿ ಇನ್ನೂ ಒಣಗಿರಲಿಲ್ಲ. ಅವರು ನನ್ನನ್ನ ಕರೀತಿದಾರೆ ಸಾರ್. ಉಳಿದಿರೋದು ಗೋಪುರ ಒಂದೇ."

ಪಟ್ಟಿ ಇದ್ದದ್ದು ನಮ್ಮ ವಸತಿಗೃಹದಿಂದ ಅತಿಥಿಗಳಿಗೆ ಕೊಡುವ ಊರಿನ ನಕ್ಷೆಯ ಬೆನ್ನಿಗೆ. ಮೇಷ್ಟ್ರು ಅದನ್ನು ಮಗುಚಿ ನದಿ, ಕೋಟೆ, ಬಣ್ಣ ಮಾಸದ ನಮ್ಮ ತೂಗುಸೇತುವೆ, ಎಲ್ಲದರ ಮೇಲೂ ಬೆರಳಾಡಿಸಿದರು.

"ಈಚೆಗೆ ಅವರ ಕಾಗದಪತ್ರ ಏನಾದ್ರೂ ಸಿಕ್ತಾ?"

"ಮೂರು ತಿಂಗಳ ಹಿಂದೆ, ಅರ್ಧ ಬರೆದ ಒಂದು ದೂರು. ಯಾವುದೋ ಔಷಧಿ ಅಂಗಡಿಯಲ್ಲಿ ಕಲಬೆರಕೆ ನಡೀತಿದೆ ಅಂತ. ಹೆಸರಿರಲಿಲ್ಲ. ಔಷಧಿ ವ್ಯಾಪಾರ ಗೊತ್ತಿರೋನು ಅಂತ ಮೈದುನನಿಗೆ ತೋರಿಸಿದೆ."

ಅಷ್ಟರಲ್ಲಿ ಮೈದುನನೇ ಬಂದ. "ಇಲ್ಲಿದೀರಾ ಅತ್ತಿಗೆ? ನಾನು ತಲೆನೋವು ಅಂತ ಬೆಳಗ್ಗೆಯಿಂದ ಮಲಗೇ ಇದ್ದೆ."

"ಈ ಊರು ನಿಮಗೆ ಹೊಸದಾ?" ಮೇಷ್ಟ್ರು ಕೇಳಿದರು.

"ಇದೇ ಮೊದಲ ಸಲ. ಅತ್ತಿಗೆ, ಸಂಜೆ ಗೋಪುರ ಹತ್ತಿಬಿಡೋಣ. ಆ ಹಸಿರು ಕಂಬಿ ಹಿಡ್ಕೊಂಡು ಮನಸಾರೆ ಅತ್ತುಬಿಡಿ, ಹಗುರಾಗುತ್ತೆ."

ಡಾಕ್ಟರು ಸತ್ತ ಮೇಲೆ ಅಲ್ಲಿಯ ಕಂಬಿ ಕಿತ್ತು ಎದೆಯೆತ್ತರದ ಕಲ್ಲುಗೋಡೆ ಕಟ್ಟಿದ್ದರು.

ಐದು ಗಂಟೆಗೆ ಮೇಷ್ಟ್ರು ಎಲ್ಲರನ್ನೂ ಊಟದ ಹಾಲಿಗೆ ಕರೆಸಿದರು. ಇನ್ಸ್‌ಪೆಕ್ಟರೂ ವಸ್ತುಸಂಗ್ರಹಾಲಯದ ಕಾವಲುಗಾರನೂ ಬಂದಿದ್ದರು.

"ತೂಗುಸೇತುವೆ ಆಗಿದ್ದು ಹೋದ ವರ್ಷ," ಎಂದರು ಮೇಷ್ಟ್ರು. "ಮೂರು ವರ್ಷದ ಹಿಂದೆ ಸತ್ತವರು ಆ ಸೇತುವೆ ಇರೋ ನಕ್ಷೆ ಮೇಲೆ ಹೇಗೆ ಬರೀತಾರೆ? ಪಟ್ಟಿ ನಕಲಿ, ಅವರ ಕೈಬರಹ ಚೆನ್ನಾಗಿ ಬಲ್ಲವರು ಬರೆದದ್ದು. ಮ್ಯಾನೇಜರೇ, ಈಚೆಗೆ ಟಪಾಲಿನಲ್ಲಿ ಈ ನಕ್ಷೆ ಯಾರಿಗೆ ಹೋಯ್ತು?"

ನಾನು ಟಪಾಲು ಪುಸ್ತಕ ತೆರೆದೆ. ಎರಡು ತಿಂಗಳ ಹಿಂದೆ ನಕ್ಷೆ ಕೇಳಿ ಬರೆದಿದ್ದದ್ದು ಮೈದುನನ ಔಷಧಿ ಅಂಗಡಿಯ ವಿಳಾಸದಿಂದ.

"ಬೆಳಗ್ಗೆ ಸಹಿ ಹಾಕಿದ್ದು ಇವರೇ," ಎಂದ ಕಾವಲುಗಾರ, ಮೈದುನನತ್ತ ಕೈ ತೋರಿಸಿ.

"ಹಸಿರು ಕಂಬಿ ಈಗಿಲ್ಲ. ಅದರ ಬಣ್ಣ ಪೊಲೀಸ್ ವರದಿಯಲ್ಲೂ ಇಲ್ಲ. ಊರಿಗೆ ಹೊಸಬರಾದ ನೀವು ಅದನ್ನ ಯಾವಾಗ ನೋಡಿದ್ರಿ? ದೂರು ನಿಮ್ಮ ಅಂಗಡಿ ಮೇಲೆ. ಅದಕ್ಕೇ ಅಣ್ಣನ ಹಿಂದೆ ಬಂದು ತಳ್ಳಿದ್ರಿ. ಆ ಕಾಗದ ಈಗ ಅತ್ತಿಗೆ ಕೈಗೆ ಸಿಕ್ತು. ಗಂಡನ ದೆವ್ವ ಕರೀತು ಅಂತ ಈಕೆ ಹಾರಿಕೊಂಡ್ರೆ ಯಾರು ತಾನೇ ಅನುಮಾನ ಪಡ್ತಾರೆ?"

ಮೈದುನನ ಮುಖ ಬಿಳಿಚಿಕೊಂಡಿತು. "ಅಣ್ಣ ಆ ದೂರನ್ನ ಹರಿದು ಹಾಕಿದ್ರೆ ಸಾಕಿತ್ತು. ಕಾಲು ಹಿಡ್ಕೊಂಡು ಕೇಳಿದೆ..."

ಇನ್ಸ್‌ಪೆಕ್ಟರ್ ಅವನನ್ನು ಕರೆದೊಯ್ದರು. ಆಕೆ ಮೇಜಿನ ಮೇಲಿದ್ದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

"ಹಾಗಾದ್ರೆ ನಮ್ಮ ಯಜಮಾನರು ನಿಜವಾಗಿ ಇಲ್ಲಿ ಏನೇನು ನೋಡಿದ್ರು?"

ಮೇಷ್ಟ್ರು ನನ್ನ ಕಡೆ ತಿರುಗಿದರು.

"ಏನೂ ನೋಡಲಿಲ್ಲಮ್ಮ. ಎರಡು ದಿನ ನಮ್ಮ ಜಗಲಿಯ ಬೆತ್ತದ ಕುರ್ಚಿಯಲ್ಲಿ ಗೊರಕೆ ಹೊಡೆದರು. ಊಟಕ್ಕೆ ನಾನೇ ಎಬ್ಬಿಸಬೇಕಾಗ್ತಿತ್ತು."

ಆಕೆ ನಕ್ಕರು. ನಗುತ್ತಲೇ ಬಿಕ್ಕಿದರು.

"ಹೌದು," ಎಂದರು, "ಅವರೇ ಅದು."